ಬಾಣದ ಗುರುತು ಬರುವ ಮೊದಲು

ನಮ್ಮೂರಲ್ಲಿ ಯಾರದ್ದಾದ್ರೂ ಮನೆ ಎಲ್ಲಿ ಅಂತ ಕೇಳಿ ನೋಡಿ. "ಹಿಂಗೇ ನೆಟ್ಟಗೆ ಹೋಗಿ, ಹುಣಸೆ ಮರ ಸಿಗ್ತದೆ. ಅಲ್ಲಿ ಎಡಕ್ಕೊಂದು ದಾರಿ ಇದೆ, ಅದ್ರಲ್ಲಿ ಹೋಗ್ಬೇಡಿ, ಅದು ಕೆರೆಗೆ ಹೋಗೋದು. ಮುಂದೆ ಒಂದು ಮುರಿದ ಕಲ್ಲುಬೆಂಚು, ಅದರ ಎದುರಿಗೇ" ಅಂತಾರೆ. ಹೋಗಬೇಕಾದ ದಾರಿಗಿಂತ ಹೋಗಬಾರದ ದಾರಿಯ ವಿವರವೇ ಹೆಚ್ಚು. ಅರ್ಧ ನೆನಪಿರುತ್ತೆ, ಅರ್ಧ ಮರೆತುಹೋಗುತ್ತೆ, ಮತ್ತೆ ಯಾರನ್ನಾದ್ರೂ ಕೇಳಬೇಕು.

ಇದೇ ಥರ ದಾರಿ ಹೇಳುವ ಕಂಪ್ಯೂಟರ್ ಗೇಮೊಂದು ನನಗೆ ಸಿಕ್ಕಿದ್ದು 2007ರಲ್ಲಿ, ಇಂಜಿನಿಯರಿಂಗ್ ಹಾಸ್ಟೆಲ್ಲಲ್ಲಿ. ಹೆಸರು ಮಾರೋವಿಂಡ್. ನಿಜ ಹೇಳಬೇಕಂದ್ರೆ ನಮಗೆ ಬೇಕಿದ್ದದ್ದು ಅದಲ್ಲ. ಆಗ ಎಲ್ಲರ ಬಾಯಲ್ಲಿದ್ದದ್ದು ಅದೇ ಸರಣಿಯ ಮುಂದಿನ ಗೇಮು, 2006ರ ಒಬ್ಲಿವಿಯನ್. ನಾವು ನಾಲ್ಕು ಜನ ದುಡ್ಡು ಹಾಕಿ ಕೊಂಡಿದ್ದ ಅಸೆಂಬಲ್ಡ್ ಪಿಸಿಯಲ್ಲಿ ಇದ್ದದ್ದು 256 ಎಂಬಿ ರ‍್ಯಾಮು. ಒಬ್ಲಿವಿಯನ್ನಿಗೆ ಕನಿಷ್ಠ 512 ಬೇಕು, ಜೊತೆಗೊಂದು ಒಳ್ಳೇ ಗ್ರಾಫಿಕ್ಸ್ ಕಾರ್ಡು ಬೇಕು. ಹಾಕಿದೆವು, ಕಪ್ಪು ಪರದೆ ಬಂತು, ತೆಗೆದೆವು. ಸೀನಿಯರೊಬ್ಬ ತನ್ನ ಸೀಡಿ ಪೌಚಿನಿಂದ ಹಳೇದೊಂದು ತೆಗೆದುಕೊಟ್ಟು "ಇದು ನಿಮ್ ಡಬ್ಬಾದಲ್ಲಿ ಓಡತ್ತೆ, ಟ್ರೈ ಮಾಡಿ" ಅಂದ. ಓಡಿತು. ಉಳಿದ ಮೂವರು ಅರ್ಧ ಗಂಟೆಯಲ್ಲಿ ಎದ್ದು ಕ್ರಿಕೆಟ್ ಆಡೋಕೆ ಹೋದರು. ನಾನು ಮಾತ್ರ ಕೂತೆ, ಎರಡು ಸೆಮಿಸ್ಟರ್ ಕೂತೆ.

ಯಾಕೆ ಕೂತೆ ಅನ್ನೋದನ್ನ ಹೇಳುವ ಮೊದಲು ಈ ಸರಣಿಯ ಕಥೆ ಸ್ವಲ್ಪ ಹೇಳ್ಬೇಕು. 'ದಿ ಎಲ್ಡರ್ ಸ್ಕ್ರೋಲ್ಸ್' ಅಂತ ಇದರ ಹೆಸರು. ಅಮೆರಿಕದ ಮೇರಿಲ್ಯಾಂಡಿನ ಬೆಥೆಸ್ಡಾ ಅನ್ನೋ ಊರಲ್ಲಿ 1986ರಲ್ಲಿ ಶುರುವಾದ, ಊರಿನ ಹೆಸರನ್ನೇ ಇಟ್ಟುಕೊಂಡ ಕಂಪನಿಯದ್ದು. ಮೊದಲ ಗೇಮು 1994ರಲ್ಲಿ ಬಂತು, ಹೆಸರು ಅರೀನಾ. ಅರೀನಾ ಅಂದ್ರೆ ಮಲ್ಲಯುದ್ಧದ ಅಖಾಡ. ಆದರೆ ಗೇಮಲ್ಲಿ ಅಖಾಡವೇ ಇಲ್ಲ! ಶುರುವಿನಲ್ಲಿ ಊರೂರು ಸುತ್ತಿ ಕುಸ್ತಿ ಆಡುವ ಗೇಮು ಮಾಡೋಣ ಅಂತಲೇ ಹೊರಟಿದ್ದರು. ಮಾಡ್ತಾ ಮಾಡ್ತಾ ಊರುಗಳು, ಗುಹೆಗಳು, ಚಿಲ್ಲರೆ ಕೆಲಸಗಳೇ ಚೆನ್ನಾಗಿ ಬಂದವು, ಕುಸ್ತಿ ಬಿದ್ದುಹೋಯ್ತು, ಹೆಸರು ಮಾತ್ರ ಉಳೀತು. ಸಾಫ್ಟ್‌ವೇರಿನಲ್ಲಿ ಕೆಲಸ ಮಾಡುವವರಿಗೆ ಇದರಲ್ಲಿ ಆಶ್ಚರ್ಯ ಇಲ್ಲ. ನಾನೀಗ ಕೆಲಸ ಮಾಡೋ ಒಂದು ಮಾಡ್ಯೂಲಿನ ಹೆಸರಿಗೂ ಅದು ಮಾಡೋ ಕೆಲಸಕ್ಕೂ ಸಂಬಂಧ ತಪ್ಪಿ ಆರು ವರ್ಷ ಆಯ್ತು.

ಎರಡನೇದು ಡ್ಯಾಗರ್‌ಫಾಲ್, 1996. ಜೂಲಿಯನ್ ಲೆಫೇ, ಟೆಡ್ ಪೀಟರ್ಸನ್ ಅನ್ನೋರು ಕೂತು ಮಾಡಿದ್ದು. ಇವರ ಹುಚ್ಚು ಕೇಳಿ: ಸುಮಾರು 15,000 ಊರು, ಪಟ್ಟಣ, ಕೋಟೆ, ನೆಲಮಾಳಿಗೆಗಳು. ಜನಸಂಖ್ಯೆ 7,50,000 ಅಂತ ಕಂಪನಿಯೇ ಹೇಳಿಕೊಂಡಿತ್ತು. ಇಷ್ಟನ್ನೂ ಕೈಯಿಂದ ಮಾಡೋಕಾಗಲ್ಲ, ಹೆಚ್ಚಿನದ್ದನ್ನ ಪ್ರೋಗ್ರಾಮೇ ಹುಟ್ಟಿಸಿದ್ದು. ಒಂದು ಊರಿಂದ ಇನ್ನೊಂದಕ್ಕೆ ನಡೆದು ಹೋದರೆ ಗಂಟೆಗಟ್ಟಲೆ ಬರೀ ಹುಲ್ಲು. ಕೊನೆಗೆ ತಲುಪಿದ ಊರು ಬಿಟ್ಟುಬಂದ ಊರಿನ ಹಾಗೇ ಇರುತ್ತೆ. ಬಗ್ಗುಗಳಂತೂ ಕೇಳಬೇಡಿ, ಗೋಡೆಯೊಳಗೆ ಬಿದ್ದು ಕತ್ತಲಲ್ಲಿ ತೇಲೋದು ಮಾಮೂಲು.

ಡ್ಯಾಗರ್‌ಫಾಲಿನ ಒಂದು ಸಂಗತಿ ಮಾತ್ರ ನನಗೆ ಬಹಳ ಇಷ್ಟ. ಅದಕ್ಕೆ ಹಲವು ಅಂತ್ಯಗಳಿದ್ದವು. ನೀವು ಯಾವ ರಾಜನ ಪರ ನಿಂತಿರಿ ಅನ್ನೋದರ ಮೇಲೆ ದೇಶದ ಚರಿತ್ರೆ ಬದಲಾಗುತ್ತೆ. ಸರಿ, ಮುಂದಿನ ಗೇಮು ಬರೆಯುವಾಗ ಯಾವ ಅಂತ್ಯ ನಡೆದದ್ದು ಅಂತ ಇಟ್ಟುಕೊಳ್ಳೋದು? ಅವರು ಎಲ್ಲವೂ ನಡೆಯಿತು ಅಂತ ಬರೆದುಬಿಟ್ಟರು. ಆ ಸಮಯದಲ್ಲಿ ಕಾಲವೇ ಮುರಿದು, ಒಂದಕ್ಕೊಂದು ಕೂಡಿಬರದ ಘಟನೆಗಳೆಲ್ಲ ಒಟ್ಟಿಗೇ ನಡೆದವು, ಆಮೇಲೆ ಕಾಲ ಮತ್ತೆ ಜೋಡಿಕೊಂಡಿತು ಅಂತ. ಮುಂದಿನ ಗೇಮುಗಳ ಒಳಗಿನ ಪುಸ್ತಕಗಳಲ್ಲಿ ಪಂಡಿತರು ಇದರ ಬಗ್ಗೆ ಜಗಳ ಆಡ್ತಾರೆ. ಮರ್ಜ್ ಕಾನ್‌ಫ್ಲಿಕ್ಟ್ ಬಂದಾಗ ಎರಡೂ ಕಡೆಯದ್ದನ್ನ ಉಳಿಸಿಕೊಂಡು, ಅದಕ್ಕೊಂದು ಪುರಾಣ ಬರೆದ ಹಾಗೆ. ನಮ್ಮ ಕೋಡ್ ರಿವ್ಯೂನಲ್ಲಿ ಇದು ಪಾಸಾಗಲ್ಲ, ಆದರೆ ಪುರಾಣದಲ್ಲಿ ಆಗುತ್ತೆ.

ಆಮೇಲಿನ ಎರಡು ಗೇಮು, 1997ರ ಬ್ಯಾಟಲ್‌ಸ್ಪೈರ್ ಮತ್ತು 1998ರ ರೆಡ್‌ಗಾರ್ಡ್, ಓಡಲಿಲ್ಲ. ಕಂಪನಿ ಮುಚ್ಚುವ ಅಂಚಿಗೆ ಬಂತು. 1999ರಲ್ಲಿ ಜೆನಿಮ್ಯಾಕ್ಸ್ ಅನ್ನೋ ಹೊಸ ಮಾತೃಸಂಸ್ಥೆ ಹುಟ್ಟಿ ಕೈ ಹಿಡೀತು. ರೆಡ್‌ಗಾರ್ಡ್ ಮಾಡಿದ್ದು ಟಾಡ್ ಹೋವರ್ಡ್ ಅನ್ನೋ ಹುಡುಗ. ಗೇಮು ಸೋತರೂ ಅದರಲ್ಲೊಂದು ಪಾಠ ಇತ್ತು: ಸಣ್ಣದೊಂದು ದ್ವೀಪ, ಆದರೆ ಪ್ರತಿ ಮನೆ, ಪ್ರತಿ ಮೂಲೆ ಕೈಯಿಂದಲೇ ಮಾಡಿದ್ದು. ಮುಂದಿನ ಗೇಮಿಗೂ ಅವನೇ ಮುಂದಾಳು. ಲೀಡ್ ಡಿಸೈನರ್ ಕೆನ್ ರೋಲ್‌ಸ್ಟನ್, ಮೇಜಿನ ಮೇಲೆ ದಾಳ ಉರುಳಿಸಿ ಆಡುವ ಆಟಗಳನ್ನ ಬರೆದು ಪಳಗಿದವನು. ಮಾರೋವಿಂಡ್ ಅನ್ನೋ ಇಡೀ ಪ್ರಾಂತ್ಯ ಮಾಡೋ ಯೋಜನೆ ಬಿಟ್ಟು, ಅದರ ನಡುವಿನ ವ್ವಾರ್ಡನ್‌ಫೆಲ್ ಅನ್ನೋ ಜ್ವಾಲಾಮುಖಿಯ ದ್ವೀಪವೊಂದನ್ನ ಮಾತ್ರ ಮಾಡಿದರು. 2002ರ ಮೇ ತಿಂಗಳಲ್ಲಿ ಬಿಡುಗಡೆ ಆಯ್ತು. ಸೋತಿದ್ದರೆ ಈ ಕಥೆ ಅಲ್ಲಿಗೇ ಮುಗೀತಿತ್ತು.

ಈಗ ಹಾಸ್ಟೆಲ್ಲಿಗೆ ವಾಪಸ್ ಬರೋಣ.

ಗೇಮು ಶುರುವಾಗೋದು ಹಡಗಿನಲ್ಲಿ. ನೀವೊಬ್ಬ ಕೈದಿ. ಸೇಡಾ ನೀನ್ ಅನ್ನೋ ಕೆಸರು ಹಳ್ಳಿಯಲ್ಲಿ ಇಳಿಸಿ, ಕೈಗೊಂದು ಕಟ್ಟು ಕೊಟ್ಟು "ಬಾಲ್ಮೋರಾಕ್ಕೆ ಹೋಗಿ ಕಾಯಸ್ ಕೊಸೇಡಿಸ್ ಅನ್ನೋನಿಗೆ ತಲುಪಿಸು" ಅಂತಾರೆ. ಅಷ್ಟೇ. ಅವನು ಎಲ್ಲಿದ್ದಾನೆ? ಅಲ್ಲಿನ ಒಂದು ಹೆಂಡದಂಗಡಿಯಲ್ಲಿ ಕೇಳು. ನಡೆದು ಹೋಗ್ತೀರೋ, ಸಿಲ್ಟ್ ಸ್ಟ್ರೈಡರ್ ಹತ್ತಿ ಹೋಗ್ತೀರೋ ನಿಮಗೆ ಬಿಟ್ಟಿದ್ದು. ಸಿಲ್ಟ್ ಸ್ಟ್ರೈಡರ್ ಅಂದ್ರೆ ಮನೆಗಿಂತ ಎತ್ತರದ, ಉದ್ದ ಕಾಲಿನ ಹುಳ. ಅದರ ಬೆನ್ನು ಕೊರೆದು ಸೀಟು ಮಾಡಿದ್ದಾರೆ. ಅದೇ ಆ ದೇಶದ ಕೆಂಪು ಬಸ್ಸು, ಅದಕ್ಕೂ ರೂಟ್ ಇದೆ, ಎಲ್ಲಾ ಊರಿಗೂ ಹೋಗಲ್ಲ. ಅಂತೂ ಬಾಲ್ಮೋರಾ ತಲುಪಿ, ಕೇಳಿ ಕೇಳಿ ಮನೆ ಹುಡುಕಿ ಬಾಗಿಲು ತೆಗೆದ್ರೆ ಒಳಗೆ ಅಂಗಿ ಹಾಕದ ಒಬ್ಬ ಮುದುಕ. ಇವನೇ ಇಡೀ ದ್ವೀಪದ ಗೂಢಚಾರರ ಮುಖ್ಯಸ್ಥ! ಅವನು ನಿಮ್ಮನ್ನ ಮೇಲಿಂದ ಕೆಳಗೆ ನೋಡಿ, ನೀನಿನ್ನೂ ಹಸಿಬಿಸಿ, ಹೋಗಿ ಎಲ್ಲಾದ್ರೂ ಕೆಲಸಕ್ಕೆ ಸೇರ್ಕೊಂಡು ಅನುಭವ ತಗೊಂಡು ಬಾ ಅನ್ನೋ ಅರ್ಥದಲ್ಲಿ ಹೇಳಿ ಕಳಿಸ್ತಾನೆ. ಮೂರು ವರ್ಷ ಆದ್ಮೇಲೆ ಇಂಟರ್‌ವ್ಯೂಗಳಿಗೆ ಹೋದಾಗ ನನಗೆ ಅವನದೇ ನೆನಪು.

ಪರದೆಯ ಮೇಲೆ ಬಾಣ ಇಲ್ಲ. ಮ್ಯಾಪಿನಲ್ಲಿ ಚುಕ್ಕಿ ಇಲ್ಲ. ಒಂದು ದಿನಚರಿ ಇದೆ, ಅದರಲ್ಲಿ ಜನ ಹೇಳಿದ್ದು ಬರೆದಿರುತ್ತೆ: ಕೋಟೆ ದಾಟು, ಹಳೇ ಸೇತುವೆ ಸಿಗುತ್ತೆ, ಹೀಗೆ. ಕೆಲವೊಮ್ಮೆ ಹೇಳಿದವರು ತಪ್ಪು ಹೇಳಿರ್ತಾರೆ. ಮತ್ತೆ ಜನ ಮಾತಾಡೋದೆಲ್ಲ ಅಕ್ಷರದಲ್ಲಿ. ದನಿ ಅಂದ್ರೆ ಎದುರು ಸಿಕ್ಕಾಗ ಒಂದು ಗೊರಗು ಸ್ವಾಗತ, ಅಷ್ಟೇ. ಉಳಿದದ್ದು ಪುಟಗಟ್ಟಲೆ ಇಂಗ್ಲಿಷ್, ನಡುನಡುವೆ ನೀಲಿ ಪದಗಳು, ಅದರ ಮೇಲೆ ಒತ್ತಿದ್ರೆ ಇನ್ನೊಂದು ಪುಟ.

ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಮ್ಮು. ಪಿಯುಸಿಯಲ್ಲಿ ಫಾರ್ಮುಲಾ ಹಿಡಿದು ಪಾರಾದೆ. ಇಂಜಿನಿಯರಿಂಗಲ್ಲಿ ಕ್ಲಾಸಲ್ಲಿ ಎದ್ದು ನಿಲ್ಲಿಸಿ ಪ್ರಶ್ನೆ ಕೇಳಿದ್ರೆ ಉತ್ತರ ಗೊತ್ತಿದ್ದೂ ಬಾಯಿ ಬರ್ತಿರಲಿಲ್ಲ. ಹಿಂದಿನ ಬೆಂಚಿನವರು ನನಗೊಂದು ಅಡ್ಡಹೆಸರು ಇಟ್ಟಿದ್ದರು, ಇಲ್ಲಿ ಬೇಡ. ಮಾರೋವಿಂಡಿನ ಜನ ಕೂಡ ಹೊರಗಿನಿಂದ ಬಂದವರನ್ನ ಕಂಡರೆ ಹಾಗೇ. ಬೂದು ಮೈ, ಕೆಂಪು ಕಣ್ಣಿನ ಡನ್ಮರ್ ಅನ್ನೋ ಜನ, ದಾರಿಯಲ್ಲಿ ಸಿಕ್ಕಿದ್ರೆ 'ಪರದೇಶಿ' ಅನ್ನೋ ಅರ್ಥದ ಪದ ಎಸೆದೇ ಮುಂದೆ ಹೋಗೋದು. ಆದರೆ ಆ ಪರದೇಶಿಗೆ ಒಂದು ಅನುಕೂಲ ಇತ್ತು. ಅವನು ಎಷ್ಟು ಹೊತ್ತು ಬೇಕಾದ್ರೂ ಉತ್ತರ ಕೊಡದೇ ನಿಲ್ಲಬಹುದಿತ್ತು. ನಾನು ನಿಘಂಟು ತೆಗೆದು ಪದ ಹುಡುಕಿ, ನೋಟ್‌ಬುಕ್ಕಲ್ಲಿ ಬರೆದು, ಅರ್ಥ ಮಾಡಿಕೊಳ್ಳುವವರೆಗೂ ಎದುರಿನವನು ಕಾಯ್ತಿದ್ದ. ಯಾರೂ ನಗ್ತಿರಲಿಲ್ಲ. ಇನ್ನೂರು ಪುಟದ ಲಾಂಗ್ ನೋಟ್‌ಬುಕ್ಕು, ಎಡಗಡೆ ಪದಾರ್ಥ, ಬಲಗಡೆ ದಾರಿ. ಎರಡು ಸೆಮಿಸ್ಟರಿಗೆ ಅದು ತುಂಬಿತು. ನನಗೆ ಇಂಗ್ಲಿಷ್ ಓದೋಕೆ ಬಂದದ್ದು ಹೀಗೆ. ಮಾತಾಡೋಕೆ ಬಂದದ್ದು ಬೇರೆ ಕಥೆ.

ಆ ಪುಟಗಳಲ್ಲಿ ಇದ್ದದ್ದಾದರೂ ಏನು? ಬಹುಪಾಲು ಚರಿತ್ರೆಯ ಜಗಳ. ನೆರೆವಾರ್ ಅನ್ನೋ ಪುರಾತನ ವೀರ ಹೇಗೆ ಸತ್ತ? ಯುದ್ಧದ ಗಾಯದಿಂದ ಅಂತ ಅಲ್ಲಿನ ಗುಡಿಯವರು ಹೇಳ್ತಾರೆ. ಅವನ ಮೂವರು ಆಪ್ತರೇ ಕೊಂದು ಆಮೇಲೆ ದೇವರಾಗಿ ಕೂತರು ಅಂತ ಬೂದಿ ಬಯಲಿನ ಅಲೆಮಾರಿಗಳು ಹೇಳ್ತಾರೆ. ಆ ಮೂವರಲ್ಲಿ ಒಬ್ಬ, ವಿವೆಕ್, ಇನ್ನೂ ಬದುಕಿದ್ದಾನೆ. ಅವನನ್ನೇ ಹೋಗಿ ಕೇಳಬಹುದು. ಅವನದು ಇನ್ನೊಂದೇ ಮಾತು. ಯಾವುದು ನಿಜ ಅಂತ ಗೇಮು ಕೊನೆವರೆಗೂ ತೀರ್ಪು ಕೊಡಲ್ಲ. ಪರೀಕ್ಷೆಗೆ ಒಂದೇ ಉತ್ತರ ಬಾಯಿಪಾಠ ಮಾಡಿ ಬಂದವನಿಗೆ ಇದು ದೊಡ್ಡ ಆಘಾತ. ಬೇಕಿದ್ರೆ ಆ ದೇವರನ್ನ ನೀವು ಕೊಂದೂ ಹಾಕಬಹುದು. ಕಥೆಗೆ ಬೇಕಾದ ಮನುಷ್ಯನನ್ನ ಕೊಂದರೆ ವಿಧಿಯ ಎಳೆ ಕಡೀತು ಅಂತ ಒಂದು ಸಾಲು ಬರುತ್ತೆ, ಆಮೇಲೆ ಆಡೋದೂ ಬಿಡೋದೂ ನಿಮ್ಮಿಷ್ಟ.

ಅದರ ದೋಷಗಳನ್ನ ಮುಚ್ಚಿಡಲ್ಲ. ಕಣ್ಣೆದುರಿಗೇ ಕತ್ತಿ ಇಲಿಯ ಮೈಯಲ್ಲಿ ಹಾದುಹೋದರೂ ಏಟು ಬೀಳಲ್ಲ, ಯಾಕಂದ್ರೆ ಒಳಗೆ ರೋಲ್‌ಸ್ಟನ್ನನ ದಾಳ ಉರುಳ್ತಾ ಇರುತ್ತೆ. ಓಡಿ ಬಂದು ಸುಸ್ತಾಗಿದ್ರೆ ಇನ್ನೂ ಕಷ್ಟ. ಕ್ಲಿಫ್ ರೇಸರ್ ಅನ್ನೋ ಹಾರುವ ಪಿಶಾಚಿಗಳು ಮೈಲಿಗಟ್ಟಲೆ ಬೆನ್ನು ಬಿಡಲ್ಲ. ಜನ ಹಗಲೂ ರಾತ್ರಿ ನಿಂತಲ್ಲೇ ನಿಂತಿರ್ತಾರೆ, ಅಂಗಡಿಯವನು ಮಲಗೋದೇ ಇಲ್ಲ. ಎಕ್ಸ್‌ಬಾಕ್ಸಲ್ಲಂತೂ ಮೆಮೊರಿ ಸಾಲದೇ ಹೋದಾಗ, ಲೋಡಿಂಗ್ ಚಿತ್ರ ತೋರಿಸ್ತಾ ಗುಟ್ಟಾಗಿ ಮೆಷಿನನ್ನೇ ರೀಸ್ಟಾರ್ಟ್ ಮಾಡ್ತಿತ್ತಂತೆ! ಹೋವರ್ಡನೇ ಎಷ್ಟೋ ವರ್ಷದ ಮೇಲೆ ಸಂದರ್ಶನವೊಂದರಲ್ಲಿ ಬಾಯಿಬಿಟ್ಟಿದ್ದು. ನಮ್ಮ ಪ್ರೊಡಕ್ಷನ್ ಸರ್ವರುಗಳನ್ನ ರಾತ್ರಿ ಎರಡಕ್ಕೆ ರೀಸ್ಟಾರ್ಟ್ ಮಾಡೋ ಸ್ಕ್ರಿಪ್ಟ್ ಬರೆದ ಮೇಲೆ ನನಗೆ ಅವನ ಬಗ್ಗೆ ಗೌರವ ಹೆಚ್ಚಾಗಿದೆ.

ಒಬ್ಲಿವಿಯನ್ ಆಡಿದ್ದು ಕೆಲಸ ಸಿಕ್ಕಿ ಲ್ಯಾಪ್‌ಟಾಪ್ ಕೊಂಡ ಮೇಲೆ. ಅದರ ಬಗ್ಗೆ ಹಳಬರು ಬೈಯ್ಯೋದು ಮೊದಲನೇದಾಗಿ ಬಾಣಕ್ಕೆ. ಕೆಳಗೊಂದು ದಿಕ್ಸೂಚಿ, ಅದರಲ್ಲೊಂದು ಗುರುತು, ಅದನ್ನ ಹಿಡಿದು ಹೋಗ್ತಾ ಇದ್ರೆ ಆಯ್ತು. "ಸೋಮಾರಿಗಳಿಗೆ ಮಾಡಿದ್ದು" ಅಂತ ನಾನೂ ಬಹಳ ಕಾಲ ಹೇಳ್ಕೊಂಡು ತಿರುಗಿದೆ. ಹತ್ತು ವರ್ಷ ಸಾಫ್ಟ್‌ವೇರ್ ಬರೆದ ಮೇಲೆ ಈಗ ಹಾಗನ್ನಿಸಲ್ಲ. ಬಾಣ ಸುಮ್ಮನೆ ಬಂದಿಲ್ಲ, ಬರಲೇಬೇಕಿತ್ತು. ನೋಡಿ: ಒಬ್ಲಿವಿಯನ್ನಲ್ಲಿ ಜನ ಎದ್ದು ನಡೀತಾರೆ. ಬೆಳಗ್ಗೆ ಅಂಗಡಿ, ಮಧ್ಯಾಹ್ನ ಊಟ, ರಾತ್ರಿ ನಿದ್ದೆ, ಒಬ್ಬೊಬ್ಬರಿಗೂ ಒಂದು ವೇಳಾಪಟ್ಟಿ. ಮಾರೋವಿಂಡಿನಲ್ಲಿ "ಹೆಂಡದಂಗಡಿಯ ಒಳಗೆ ನಿಂತಿದ್ದಾನೆ" ಅಂದ್ರೆ ಗೇಮು ಮುಗಿಯೋವರೆಗೂ ಅಲ್ಲೇ ನಿಂತಿರ್ತಾನೆ. ಇಲ್ಲಿ ನೀವು ಹೋಗುವಷ್ಟರಲ್ಲಿ ಅವನು ಮನೆಗೆ ಹೋಗಿರ್ತಾನೆ. ಎರಡನೇದು, ಎಲ್ಲರಿಗೂ ದನಿ ಬಂತು. ಚಕ್ರವರ್ತಿಗೆ ಪ್ಯಾಟ್ರಿಕ್ ಸ್ಟುವರ್ಟ್, ಅವನ ಮಗನಿಗೆ ಶಾನ್ ಬೀನ್. ಅಕ್ಷರದಲ್ಲಿ ಬರೆದ ದಾರಿಯನ್ನ ಕೊನೇ ವಾರದಲ್ಲಿ ತಿದ್ದಬಹುದು, ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿದ ದಾರಿಯನ್ನ ತಿದ್ದಬೇಕಂದ್ರೆ ನಟನನ್ನ ಮತ್ತೆ ಕರೀಬೇಕು. ಗುಹೆಯನ್ನ ಗುಡ್ಡದ ಆ ಕಡೆಗೆ ಸರಿಸಿದ್ರೆ ಮಾತು ಸುಳ್ಳಾಗುತ್ತೆ, ಬಾಣ ಸುಳ್ಳಾಗಲ್ಲ. ಇದು ನನ್ನ ತರ್ಕ. ಅವರ ಆಫೀಸಿನಲ್ಲಿ ಏನು ಚರ್ಚೆ ನಡೀತು ಅಂತ ನಾನು ಕೂತು ಕೇಳಿಲ್ಲ. ಆದರೆ ರಿಲೀಸ್ ಡೇಟ್ ಹತ್ತಿರ ಬಂದಾಗ ಇಂಥ ನಿರ್ಧಾರಗಳು ಹೇಗೆ ಆಗ್ತವೆ ಅಂತ ಗೊತ್ತು.

ಹಾರಾಟಕ್ಕೂ ಇದೇ ಗತಿ ಆಯ್ತು. ಮಾರೋವಿಂಡಿನಲ್ಲಿ ಟೆಲ್ವಾನಿ ಅನ್ನೋ ಮಂತ್ರವಾದಿಗಳ ಅಣಬೆ ಗೋಪುರಗಳಿಗೆ ಮೆಟ್ಟಿಲೇ ಇರಲಿಲ್ಲ. ಮೇಲೆ ತೇಲೋ ಮಂತ್ರ ಬರದವನಿಗೆ ನಮ್ಮನ್ನ ನೋಡೋ ಯೋಗ್ಯತೆ ಇಲ್ಲ ಅನ್ನೋ ಗತ್ತು. ಒಬ್ಲಿವಿಯನ್ನಲ್ಲಿ ನಗರಗಳನ್ನ ಬೇರೆಯಾಗಿ ಲೋಡ್ ಮಾಡಬೇಕಾಯ್ತು, ಗೋಡೆಯ ಮೇಲಿಂದ ಹಾರಿ ಬಂದ್ರೆ ಒಳಗೆ ಊರೇ ಇಲ್ಲ. ತೇಲುವ ಮಂತ್ರವನ್ನೇ ತೆಗೆದರು, ಕಾನೂನು ಮಾಡಿ ನಿಷೇಧಿಸಲಾಗಿದೆ ಅಂತ ಕಥೆ ಕಟ್ಟಿದರು.

ಎಲ್ಲಕ್ಕೂ ಹೀಗೆ ಸಮರ್ಥನೆ ಕೊಡೋಕಾಗಲ್ಲ. ನೀವು ಬಲಶಾಲಿ ಆದ ಹಾಗೆಲ್ಲ ಇಡೀ ದೇಶವೂ ಬಲಶಾಲಿ ಆಗುವ ಲೆಕ್ಕ ನನಗೆ ಇವತ್ತಿಗೂ ಜೀರ್ಣ ಆಗಿಲ್ಲ. ಅರಮನೆ ಕೊಳ್ಳುವಷ್ಟು ಬೆಲೆಯ ಗಾಜಿನ ಕವಚ ಹಾಕಿಕೊಂಡ ದಾರಿಗಳ್ಳ ಬಂದು ಬರೀ ನೂರು ನಾಣ್ಯ ಕೊಡು ಅಂತಾನೆ! ದನಿ ಕೊಟ್ಟ ನಟರು ಕೆಲವೇ ಜನ, ಹಾಗಾಗಿ ಭಿಕ್ಷುಕ ಬೇಡೋದು ಒಂದು ದನಿಯಲ್ಲಿ, ಸುದ್ದಿ ಹೇಳೋದು ಇನ್ನೊಂದರಲ್ಲಿ. ಮತ್ತೆ 2006ರ ಏಪ್ರಿಲ್ಲಲ್ಲಿ ಕುದುರೆಗೆ ತೊಡಿಸೋ ಕವಚವನ್ನ ಎರಡೂವರೆ ಡಾಲರಿಗೆ ಬೇರೆಯಾಗಿ ಮಾರಿದರು. ಜನ ನಕ್ಕರು, ಬೈದರು, ಕೊಂಡರು. ಇವತ್ತು ಫೋನಿನ ಪ್ರತಿ ಗೇಮಲ್ಲೂ ಇರೋ ಅಂಗಡಿಗೆ ಆ ಕುದುರೆಯೇ ಮುತ್ತಜ್ಜ.

ನನ್ನ ಮಟ್ಟಿಗೆ ಕೊರತೆ ಬೇರೆ ಇತ್ತು. ಒಬ್ಲಿವಿಯನ್ನಲ್ಲಿ ಸಬ್‌ಟೈಟಲ್ ಇದ್ದವು, ಆದರೆ ದನಿ ಮುಗಿದ ಕೂಡಲೇ ಅಕ್ಷರವೂ ಮಾಯ. ಅಷ್ಟು ಹೊತ್ತಿಗೆ ನನಗೆ ಓದೋಕೆ ಬರ್ತಿತ್ತು, ತೊಂದರೆ ಆಗಲಿಲ್ಲ. 2007ರಲ್ಲಿ ನಮ್ಮ ಡಬ್ಬಾದಲ್ಲಿ ಒಬ್ಲಿವಿಯನ್ ಓಡಿದ್ದರೆ ಏನಾಗ್ತಿತ್ತು ಅಂತ ಮಾತ್ರ ಆಗಾಗ ಯೋಚನೆ ಬರುತ್ತೆ. ಬಹುಶಃ ನಾನೂ ಬಾಣ ನೋಡ್ಕೊಂಡು ಓಡ್ತಿದ್ದೆ, ನಿಘಂಟು ತೆಗೀತಿರಲಿಲ್ಲ.

ಸ್ಕೈರಿಮ್ ಬಗ್ಗೆ ಹೆಚ್ಚು ಹೇಳ್ಬೇಕಿಲ್ಲ, ನೀವೇ ಆಡಿರ್ತೀರಿ. 11-11-2011ರಂದು ಬಂತು, 2023ರ ಹೊತ್ತಿಗೆ 6 ಕೋಟಿಗೂ ಹೆಚ್ಚು ಮಾರಾಟ ಆಗಿದೆ ಅಂತ ಹೋವರ್ಡನೇ ಹೇಳಿದ. ಮಾರೋವಿಂಡಿನಲ್ಲಿ 27 ಕೌಶಲಗಳಿದ್ದವು, ಒಬ್ಲಿವಿಯನ್ನಲ್ಲಿ 21, ಇಲ್ಲಿ 18. ನಮ್ಮದೇ ಮಂತ್ರ ಹೆಣೆದುಕೊಳ್ಳೋ ಸೌಲಭ್ಯ ಹೋಯ್ತು. ನಾಲ್ಕು ಮಂತ್ರ ಬರದವನೂ ಮಂತ್ರವಾದಿಗಳ ಕಾಲೇಜಿಗೆ ಮುಖ್ಯಸ್ಥ ಆಗಬಹುದು, ಇದನ್ನ ನಾವು ಬೇರೆ ಕಡೆಯೂ ನೋಡಿದ್ದೇವೆ ಬಿಡಿ. ಬಾಣ ಆಫ್ ಮಾಡಿ ಆಡೋಣ ಅಂದ್ರೆ ದಿನಚರಿಯಲ್ಲಿ ದಾರಿಯೇ ಬರೆದಿಲ್ಲ, ಬಾಣ ಇದ್ದೇ ಇರುತ್ತೆ ಅಂದ್ಕೊಂಡು ಬರೆದ ವಾಕ್ಯಗಳು. ಆದರೂ ರಾತ್ರಿ ಹಿಮದ ಗುಡ್ಡದ ಮೇಲೆ ನಿಂತು, ಆಕಾಶದಲ್ಲಿ ಹಸಿರು ಬೆಳಕು ಆಡ್ತಾ ಇರುವಾಗ ಜೆರೆಮಿ ಸೋಲ್ ಸಂಗೀತ ಶುರುವಾದ್ರೆ ಇದೆಲ್ಲ ದೂರು ಮರೆತುಹೋಗುತ್ತೆ. ನೂರಾರು ಅಡಿ ಕೆಳಗೆ ಬ್ಲ್ಯಾಕ್‌ರೀಚ್ ಅನ್ನೋ ಹೊಳೆಯುವ ಅಣಬೆಗಳ ಪಾತಾಳ ಕಂಡಾಗ ಪಿಜಿಯ ರೂಮಿನಲ್ಲಿ ಒಬ್ಬನೇ ಕೂತು "ಅಯ್ಯೋ" ಅಂದಿದ್ದೆ.

2025ರ ಏಪ್ರಿಲ್ಲಲ್ಲಿ ಒಬ್ಲಿವಿಯನ್ನನ್ನ ಹೊಸ ಬಣ್ಣ ಬಳಿದು ಮತ್ತೆ ಬಿಟ್ಟರು. ಟೀಮಿನ ಹುಡುಗನೊಬ್ಬ, ಸ್ಕೈರಿಮ್ ಆಡಿ ಬೆಳೆದವನು, ಊಟದ ಹೊತ್ತಲ್ಲಿ ಅದನ್ನೇ ಹೊಗಳ್ತಿದ್ದ. ನಾನು ಮಾರೋವಿಂಡ್ ಆಡು ಅಂತ ಗಂಟು ಬಿದ್ದೆ. ಸೋಮವಾರ ಬಂದು ಕೇಳಿದ: "ಸಾರ್, ಇಲಿ ಹೊಡೆದ್ರೂ ತಾಗಲ್ವಲ್ಲ, ಬಗ್ಗಾ ಅದು?" ದಾಳದ ಕಥೆ ಹೇಳಿದೆ. ತಲೆ ಆಡಿಸಿದ. "ನೀವು ಆಗ ಆಡಿದ್ರಿ, ಅದಕ್ಕೇ ಇಷ್ಟ. ಈಗ ನೀವೇ ಆಡಿ ನೋಡಿ."

ಆಡಿ ನೋಡಿದೆ. ಹಳೇ ಗೇಮನ್ನ ಅಭಿಮಾನಿಗಳೇ ಹೊಸದಾಗಿ ಬರೆದ ಇಂಜಿನ್ನಲ್ಲಿ ಓಡಿಸೋ ಓಪನ್‌ಎಂಡಬ್ಲ್ಯೂ ಅಂತ ಇದೆ, ಓಪನ್ ಸೋರ್ಸು, ಅದನ್ನ ಹಾಕಿದೆ. ಸೆಟ್ಟಿಂಗಲ್ಲಿ ದೂರದ ನೋಟ ಅಂತ ಕಂಡಿತು, ಆನ್ ಮಾಡಿದೆ. ತಪ್ಪು ಮಾಡಿದೆ. ಆಗಿನ ಮೆಷಿನ್ನುಗಳಿಗೆ ದೂರದ್ದನ್ನ ಬಿಡಿಸೋ ಶಕ್ತಿ ಇಲ್ಲದೆ ಗೇಮು ಎಲ್ಲಾ ಕಡೆ ಮಂಜು ತುಂಬಿಸಿರ್ತಿತ್ತು. ಆ ಮಂಜಲ್ಲಿ ಅರ್ಧ ಗಂಟೆ ನಡೆದು ಊರು ತಲುಪ್ತಿದ್ದೆ. ಮಂಜು ತೆಗೆದ ಮೇಲೆ ನೋಡ್ತೀನಿ, ಎರಡು ಗುಡ್ಡದ ಆಚೆಗೇ ಎಲ್ಲಾ ಇದೆ. ದ್ವೀಪ ಇಷ್ಟೇನಾ! ಬೇಗ ಬೇಗ ಆಫ್ ಮಾಡಿದೆ. ಅದೂ ಅಲ್ಲದೆ ಮೊದಲ ಗಂಟೆಯಲ್ಲೇ ಎರಡು ಸಲ ಫೋನು ತೆಗೆದು ದಾರಿ ಹುಡುಕಿದ್ದೆ. ಹುಡುಗನಿಗೆ ಇದನ್ನ ಹೇಳಿಲ್ಲ.

ಕಳೆದ ಹಬ್ಬಕ್ಕೆ ಊರಿಗೆ ಹೋದಾಗ ಅಟ್ಟದ ಟ್ರಂಕಿನಲ್ಲಿ ಆ ಲಾಂಗ್ ನೋಟ್‌ಬುಕ್ಕು ಸಿಕ್ಕಿತು. ಅಮ್ಮ ಅದನ್ನ ಕಾಲೇಜಿನ ನೋಟ್ಸು ಅಂತ ಜೋಪಾನ ಮಾಡಿ, ನುಸಿಗುಳಿಗೆ ಹಾಕಿ ಇಟ್ಟಿದ್ದಳು. ವಾಪಸ್ ಬಂದು ಅದನ್ನ ಪಕ್ಕಕ್ಕಿಟ್ಟುಕೊಂಡು ಆಡೋಕೆ ಕೂತೆ, ಫೋನು ಇನ್ನೊಂದು ರೂಮಲ್ಲಿಟ್ಟು. ಕಾಯಸ್ ಹೇಳಿದವನ ಹತ್ತಿರ ಹೋದರೆ ಅವನು ಅರ್ಕ್ನ್‌ಥಾಂಡ್ ಅನ್ನೋ ಪಾಳುಬಿದ್ದ ಕುಬ್ಜರ ಕೋಟೆಯಿಂದ ಒಂದು ಒಗಟಿನ ಪೆಟ್ಟಿಗೆ ತಂದುಕೊಡು ಅಂತಾನೆ. ಮಾರೋವಿಂಡ್ ಆಡಿದವರೆಲ್ಲ ಶಾಪ ಹಾಕಿದ ಪೆಟ್ಟಿಗೆ ಅದು. ನೋಟ್‌ಬುಕ್ಕಲ್ಲಿ ನನ್ನದೇ ಕೋಳಿಕಾಲು ಅಕ್ಷರ, ಕನ್ನಡದಲ್ಲಿ: "ಕೋಟೆ ದಾಟಿ ಪೂರ್ವಕ್ಕೆ. ಹಳೇ ಸೇತುವೆ. ದಾಟಿದ ಮೇಲೆ ಬಾಗಿಲು ತೆಗೆಯಲ್ಲ, ಪಕ್ಕದ ಪೈಪಿನ ಹಿಡಿ ತಿರುಗಿಸು. ಒಳಗೆ ಕಳ್ಳರು ಇದಾರೆ, ಓಡಿಕೊಂಡು ಹೋಗಬೇಡ, ಸುಸ್ತಾಗುತ್ತೆ." ಹಾಗೇ ಹೋದೆ. ಸೇತುವೆ ಇತ್ತು. ಹಿಡಿ ತಿರುಗಿಸಿದೆ, ಕಲ್ಲಿನ ಬಾಗಿಲು ಗರಗರ ತೆರೆಯಿತು. ಕಳ್ಳರನ್ನ ನಿಧಾನಕ್ಕೆ ಒಬ್ಬೊಬ್ಬರನ್ನಾಗಿ ಮುಗಿಸಿದೆ. ಆಮೇಲೆ ಪುಟ ತಿರುಗಿಸಿದ್ರೆ ಮುಂದಿನ ಸಾಲು, "ಪೆಟ್ಟಿಗೆ ಸಿಕ್ಕಿತು!!!" ಅಂತ ಮೂರು ಆಶ್ಚರ್ಯಸೂಚಕ ಹಾಕಿ ಬರೆದಿದೆ. ಎಲ್ಲಿ ಸಿಕ್ಕಿತು ಅಂತ ಬರೆದಿಲ್ಲ. ರಾತ್ರಿ ಒಂದೂವರೆವರೆಗೂ ಒಂದೊಂದೇ ಕೋಣೆ, ಒಂದೊಂದೇ ಗೂಡು ನೋಡ್ತಾ ಇದ್ದೆ. ಬೆಳಗ್ಗೆ ಒಂಬತ್ತಕ್ಕೆ ಸ್ಟ್ಯಾಂಡಪ್ ಇತ್ತು.